ಒಂಬತ್ತು ಮನೆಗಳಿಗೆ ಒಂದೇ ಬಾಗಿಲು

ಪರಂಪರೆ ಬೀದಿ ಯೋಜನೆಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಬರುವ ಸೋಮವಾರ ನೀವು ಬೆಟಗೇರಿಯ ನೂಲಪೇಟೆ ಓಣಿಯ ಮೂಲೆಮನೆಯನ್ನು ಕೆಡವಲಿದ್ದೀರಿ. ಕೆಡವಿದ ಜಾಗದಲ್ಲಿ ‘ನೆನಪಿನ ಗೋಡೆ’ ಕಟ್ಟಿ, ಅದರ ಮೇಲೆ ನಮ್ಮ ಓಣಿಯ ಹಳೆಯ ಫೋಟೋಗಳನ್ನು ಆಳೆತ್ತರ ಮಾಡಿ ಹಚ್ಚಲಿದ್ದೀರಿ. ಆ ಫೋಟೋಗಳಲ್ಲಿ ಇರುವುದು ನೀವು ಕೆಡವಲಿರುವ ಮನೆಯೇ. ಇದು ನಿಮಗೆ ಗೊತ್ತಿಲ್ಲವೋ, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದೀರೋ ಎಂಬುದೇ ನನ್ನ ಪ್ರಶ್ನೆ. ಎರಡನೆಯದೇ ಇರಬೇಕು ಎಂಬ ಸಂಶಯದಿಂದ, ಕಚೇರಿಗೆ ಅರ್ಜಿ ಕೊಡುವುದನ್ನು ಬಿಟ್ಟು ಹೀಗೆ ಪತ್ರಿಕೆಯಲ್ಲಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಅರ್ಜಿ ನಿಮ್ಮ ಕಪಾಟು ಸೇರಿದರೆ ಮತ್ತೆ ಹೊರಗೆ ಬರುವುದಿಲ್ಲ. ಪತ್ರಿಕೆಯಾದರೆ ಹಳೆಯದಾದ ಮೇಲೂ ಮಿರ್ಚಿಭಜಿಯ ಜೊತೆ ನಾಲ್ಕು ಜನರ ಕೈ ಸೇರುತ್ತದೆ.

ನಾನು ಅದೇ ಓಣಿಯ ನಡುವೆ ಸೀರೆ ಅಂಗಡಿ ಇಟ್ಟುಕೊಂಡಿರುವವಳು. ಮುಂದೆ ಅಂಗಡಿ, ಹಿಂದೆ ಮನೆ. ಯಾವ ಸೀರೆಯನ್ನೂ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯದೆ ಕೊಂಡವಳಲ್ಲ. ಯಜಮಾನರು ಚನ್ನಬಸವಣ್ಣನವರು ಇದ್ದಾಗ, “ಇಕಿ ಪ್ರಸಾದಾನೂ ಮೂಸಿ ನೋಡಿ ಬಾಯಾಗ ಹಾಕ್ಕೊಳ್ತಾಳ” ಎಂದು ಗಿರಾಕಿಗಳ ಎದುರೇ ಚೇಷ್ಟೆ ಮಾಡುತ್ತಿದ್ದರು. ಅವರು ನಂಬಿ ಕೊಂಡ ಸೀರೆಗಳು ಬಣ್ಣ ಬಿಟ್ಟಾಗ ಗಿರಾಕಿಗಳ ಬಾಯಿಗೆ ಸಿಕ್ಕವಳು ಮಾತ್ರ ನಾನು. ಹಾಗಾಗಿ ನಿಮ್ಮ ಯೋಜನೆಯನ್ನೂ ಬೆಳಕಿಗೆ ಹಿಡಿದೇ ನೋಡಿದ್ದೇನೆ. ಎಳೆ ಹರಿದದ್ದು ಕಾಣುತ್ತಿದೆ.

ಕಳೆದ ಚಳಿಗಾಲದಲ್ಲಿ ನಿಮ್ಮವರು ಓಣಿಯ ಸಮುದಾಯ ಭವನದಲ್ಲಿ ‘ನೆನಪಿನ ಶಿಬಿರ’ ನಡೆಸಿದರು. ಹಳೆಯ ಫೋಟೋ ತನ್ನಿ, ನಿಮ್ಮ ನೆನಪುಗಳನ್ನು ಹಂಚಿಕೊಳ್ಳಿ ಎಂದರು. ಚಹಾ ಕೊಟ್ಟರು, ಶಾಲು ಹೊದಿಸಿದರು. ಸರಕಾರದ ಕಡೆಯವರು ನಮ್ಮ ಬೀದಿಗೆ ಬಂದು ಚಹಾ ಕೊಟ್ಟದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ಆಗಲೇ ನನ್ನ ಕಿವಿ ನೆಟ್ಟಗಾದವು. ಮಿಕ್ಕವರು ಟ್ರಂಕಿನ ತಳದಿಂದ ಮೂಲ ಫೋಟೋಗಳನ್ನೇ ತೆಗೆದುಕೊಂಡು ಹೋಗಿ ಕೊಟ್ಟರು. ನಾನು ಸ್ಟುಡಿಯೋದಲ್ಲಿ ಪ್ರತಿ ಮಾಡಿಸಿ, ಪ್ರತಿಯನ್ನಷ್ಟೇ ಕೊಟ್ಟೆ. “ಯಾಕಮ್ಮಾ, ನಮ್ಮ ಮೇಲೆ ನಂಬಿಕೆ ಇಲ್ಲವೇ?” ಎಂದು ನಿಮ್ಮ ಕಚೇರಿಯ ಹುಡುಗಿ ನಕ್ಕಳು. ಇಲ್ಲ ಎಂದೆ. ಅವಳಿಗೆ ಅದು ತಮಾಷೆಯಾಗಿ ಕೇಳಿಸಿರಬೇಕು. ಅವಳು ಫೋಟೋ ಕೊಟ್ಟವರ ಮನೆಯ ನಂಬರನ್ನು ಒಂದೊಂದರ ಬೆನ್ನಿಗೂ ಬರೆದುಕೊಂಡಳು. ಫೋಟೋದ ಹಿಂದೆ ಕಾಣುವ ಮನೆ ಯಾರದು ಎಂದು ಒಬ್ಬರನ್ನೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆವು. ನಮ್ಮ ಓಣಿಯಲ್ಲಿ ಯಾರೂ ತಮ್ಮ ಮನೆಯ ಮುಂದೆ ಫೋಟೋ ತೆಗೆಸಿಕೊಂಡವರಲ್ಲ. ಓಣಿ ಇಕ್ಕಟ್ಟು, ಒಳಗೆ ಮಗ್ಗ, ಹಗಲಲ್ಲೂ ದೀಪ ಬೇಕು. ಮೂಲೆಮನೆಯ ಎದುರು ಮಾತ್ರ ಬಯಲಿತ್ತು, ಬೆಳಗಿನ ಬಿಸಿಲು ಅದರ ಕಟ್ಟೆಯ ಮೇಲೆ ನೇರವಾಗಿ ಬೀಳುತ್ತಿತ್ತು. ಆ ಮನೆ ಫೋಟೋ ತೆಗೆಯುವ ಮಹಬೂಬಸಾಬರದು. ಅವರಿಗೆ ಒಂದು ಕಾಲು ಸರಿಯಿರಲಿಲ್ಲ, ಮೂರುಕಾಲಿನ ಆ ಭಾರದ ಕ್ಯಾಮೆರಾ ಹೊತ್ತು ಮನೆಮನೆ ತಿರುಗುವುದು ಆಗದ ಮಾತು. ಹೀಗಾಗಿ ಓಣಿಯೇ ಅವರ ಕಟ್ಟೆಗೆ ಹೋಗುತ್ತಿತ್ತು. ಹೆಸರಿಟ್ಟ ಕೂಸು, ಮೆಟ್ರಿಕ್ ಪಾಸಾದ ಹುಡುಗ, ಕಾಶಿಗೆ ಹೊರಟ ಮುದುಕರು ಎಲ್ಲರೂ. ಹೊಸ ಸೊಸೆಯಂತೂ ಗಂಡನ ಮನೆಗೆ ಬಂದ ಮೇಲೆ ಮೊದಲ ಬಾರಿ ಹೊಸ್ತಿಲು ದಾಟುವುದೇ ಆ ಕಟ್ಟೆಗೆ ಹೋಗಲಿಕ್ಕೆ. ಅದು ನಮ್ಮಲ್ಲಿ ರೂಢಿ. ಮಹಬೂಬಸಾಬರ ಮನೆಗೆ ಹೋಗಿಬಂದ ಮೇಲೆಯೇ ಸೊಸೆ ಓಣಿಯವಳಾದಳು ಎಂದು ಲೆಕ್ಕ.

ನಾನು ಮುಂಡರಗಿಯಿಂದ ಮದುವೆಯಾಗಿ ಬಂದವಳು. ಬಂದ ಮರುದಿನ ಅತ್ತೆ ಬಸವಣ್ಣೆವ್ವ ನನಗೆ ತಮ್ಮ ಇಳಕಲ್ ಸೀರೆ ಉಡಿಸಿ ಅಲ್ಲಿಗೆ ಕರೆದುಕೊಂಡು ಹೋದರು. ಕೆತ್ತನೆಯ ಬಾಗಿಲು, ಚೌಕಟ್ಟಿನ ಮೇಲೆ ಎರಡು ಮರದ ಗಿಳಿ, ಬಲಗಡೆಯ ಗಿಳಿಗೆ ಕೊಕ್ಕು ಮುರಿದಿತ್ತು. ನಾನು ಹೆದರಿ ತಲೆ ಎತ್ತಲೇ ಇಲ್ಲ. “ಕಣ್ಣ ಮ್ಯಾಲೆತ್ತು ತಂಗಿ, ನೆಲದಾಗ ನಿಂದೇನೂ ಕಳದಿಲ್ಲ” ಎಂದರು ಮಹಬೂಬಸಾಬರು, ಕ್ಯಾಮೆರಾದ ಕರಿಬಟ್ಟೆಯೊಳಗಿಂದಲೇ. ಅವರ ಹೆಂಡತಿ ಲಾಲಬಿ ನನ್ನ ನೆರಿಗೆ ಸರಿಮಾಡಿ, ಬೈತಲೆ ತೀಡಿ, “ಹೆದರಬ್ಯಾಡವಾ, ಅದರಾಗಿಂದ ಬರೂದು ಗುಂಡಲ್ಲ” ಎಂದಳು. ಆಮೇಲೆ ಪಕ್ಕಕ್ಕೆ ಸರಿದು ಒಂದು ಬಿಳಿಯ ಧೋತರವನ್ನು ಅಗಲಿಸಿ ಹಿಡಿದಳು. ಬಿಸಿಲು ಧೋತರಕ್ಕೆ ಬಡಿದು ನನ್ನ ಮುಖದ ಮೇಲೆ ಬಿತ್ತು. ಆ ಓಣಿಯಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು.

ನನ್ನ ಫೋಟೋದ ಎಡ ಅಂಚಿನಲ್ಲಿ ಧೋತರದ ತುದಿ, ಅದನ್ನು ಹಿಡಿದ ನಾಲ್ಕು ಬೆರಳು, ಮಣಿಕಟ್ಟಿನ ಗಾಜಿನ ಬಳೆ ಕಾಣುತ್ತವೆ. ನನ್ನದೊಂದರಲ್ಲೇ ಅಲ್ಲ, ಓಣಿಯ ಎಲ್ಲರ ಫೋಟೋದಲ್ಲೂ ಆ ಕೈ ಉಂಟು.

ಈಗ, ಶಿಬಿರದ ನಂತರ ಅದೇ ಸಮುದಾಯ ಭವನದಲ್ಲಿ ನೀವು ಇಟ್ಟ ಫೋಟೋ ಪ್ರದರ್ಶನದ ಉದ್ಘಾಟನೆಗೆ ಬರೋಣ. ಭವನದ ಗೋಡೆಯ ಮೇಲೆ ಒಂಬತ್ತು ಫೋಟೋ, ಒಂಬತ್ತು ಕುಟುಂಬ, ಕೆಳಗೆ ಒಂಬತ್ತು ಮನೆ ನಂಬರು. ತಾವು ಮೈಕ್ ಹಿಡಿದು, “ಈ ಬೀದಿಯ ಬಾಗಿಲುಗಳಲ್ಲಿ ಎಂಥ ಅದ್ಭುತ ಸಾಮ್ಯ! ಇದೊಂದು ಏಕರೂಪದ ವಾಸ್ತುಶೈಲಿ” ಎಂದು ಅಪ್ಪಣೆ ಕೊಡಿಸಿದಿರಿ. ಬಾಗಿಲು ಒಂದೇ ಆದ ಮೇಲೆ ಶೈಲಿ ಒಂದೇ ಇರದೆ ಇನ್ನೇನಾಗುತ್ತದೆ, ಸ್ವಾಮಿ? ಒಂಬತ್ತು ಮನೆಗಳಲ್ಲೂ ಬಲಗಡೆಯ ಗಿಳಿಯ ಕೊಕ್ಕೇ ಮುರಿದಿರುವುದು ಯಾವ ವಾಸ್ತುಶೈಲಿ? ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ನಾವು ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ದೊಡ್ಡವರ ಮುಂದೆ ಹೇಗೆ ಹೇಳುವುದೆಂದು ನಗು ನುಂಗಿಕೊಂಡೆವು. ಆ ನಗು ಈಗ ನಮಗೇ ದುಬಾರಿಯಾಗಿದೆ.

ಯಾಕೆಂದರೆ ನಿಯಮ ಆಮೇಲೆ ಹೊರಬಿತ್ತು. ಹಳೆಯ ಫೋಟೋ ಇರುವ ಮನೆಗೆ ‘ಪರಂಪರೆಯ ಮನೆ’ ಎಂಬ ಹಿತ್ತಾಳೆಯ ಬೋರ್ಡು. ಬೋರ್ಡಿದ್ದ ಮನೆಯನ್ನು ರಸ್ತೆ ಅಗಲ ಮಾಡುವಾಗ ಮುಟ್ಟುವುದಿಲ್ಲ. ಫೋಟೋ ಇಲ್ಲದ ಮನೆಗೆ ಚರಿತ್ರೆಯ ಪುರಾವೆ ಇಲ್ಲ. ನಿಮ್ಮವರು ನನ್ನ ಅಂಗಡಿಯ ಕಬ್ಬಿಣದ ಶಟರಿನ ಪಕ್ಕಕ್ಕೆ ಬೋರ್ಡು ಹಚ್ಚಿಹೋದರು. ಹತ್ತು ವರ್ಷದ ಹಿಂದೆ ಸಿಮೆಂಟು ಬಳಿಸಿದ ಗೋಡೆಗೆ ಪರಂಪರೆ ಬಂತು. ಅದೇ ವಾರ, ತನ್ನದೆನ್ನುವ ಒಂದು ಫೋಟೋವೂ ಇಲ್ಲದ ಲಾಲಬಿಯ ಮನೆಗೆ ನೋಟಿಸು ಬಂತು: ಪುರಾವೆ ಇಲ್ಲದ ಮೂಲೆಮನೆಯನ್ನು ತೆರವು ಮಾಡಿ, ಊರಾಚೆ ಮಲ್ಲಸಮುದ್ರದ ಕಡೆ ಬದಲಿ ಜಾಗ ಕೊಡಲಾಗುವುದು. ಮಹಬೂಬಸಾಬರು ತೀರಿಕೊಂಡು ಬಹಳ ವರ್ಷವಾಯಿತು. ಲಾಲಬಿ, ಮಗಳು ಶಾಹಿಸ್ತಾ ಇಬ್ಬರೂ ಆ ಮನೆಯಲ್ಲಿದ್ದಾರೆ. ಶಾಹಿಸ್ತಾ ಅದೇ ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡು ನಮ್ಮ ಅಂಗಡಿಯ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಮಲ್ಲಸಮುದ್ರಕ್ಕೆ ಯಾವ ಗಿರಾಕಿ ಫಾಲ್ ಹಚ್ಚಿಸಲು ಹೋಗುತ್ತಾಳೆ?

ನಾನು ನಿಮ್ಮ ಕಚೇರಿಗೆ ಬಂದೆ. ನಿಮ್ಮ ದರ್ಶನ ಆಗಲಿಲ್ಲ, ನಿಮ್ಮ ಗುಮಾಸ್ತರದು ಆಯಿತು.

“ಫೋಟೋದಾಗ ಕಾಣೂದು ಲಾಲಬಿ ಮನಿನ ಐತ್ರಿ” ಎಂದೆ.

“ಹಂಗಾರ ಆ ಅಮ್ಮಾರ ಫೋಟೋದಾಗ ಯಾಕ ಇಲ್ರಿ?”

“ಬೆಳಕ ಹಿಡಕೊಂಡು ನಿಂತಾಕಿ ಫೋಟೋದಾಗ ಹೆಂಗ ಇರ್ತಾಳ್ರಿ? ಅಕಿ ಕೈ ಐತಿ ನೋಡ್ರಿ, ಬಾಜೂಕ.”

ಅವರು ಕಂಪ್ಯೂಟರಿನಲ್ಲಿ ನನ್ನ ಫೋಟೋ ತೆಗೆದು ತೋರಿಸಿದರು. ಕೈ ಇರಲಿಲ್ಲ. ಧೋತರವೂ ಇಲ್ಲ. ಎಡ ಅಂಚನ್ನು ನೀಟಾಗಿ ಕತ್ತರಿಸಿದ್ದರು. “ಫೋಟೋ ಸ್ವಚ್ಛ ಮಾಡ್ಯಾರ್ರಿ, ಅಂಚಿನಾಗ ಏನೇನೋ ಅಡ್ಡ ಬಂದಿದ್ವಂತ” ಎಂದರು ಗುಮಾಸ್ತರು. ಉಳಿದ ಎಂಟನ್ನೂ ತೆಗೆಸಿದೆ. ಯಾವುದರಲ್ಲೂ ಕೈ ಇಲ್ಲ. ಆ ಎಂಟು ಮನೆಯವರು ಕೊಟ್ಟ ಮೂಲ ಫೋಟೋಗಳೆಲ್ಲಿ ಎಂದರೆ, ಸಂರಕ್ಷಣೆಯಲ್ಲಿವೆಯಂತೆ. ಯಾರಿಂದ ಸಂರಕ್ಷಣೆ? ನಮ್ಮಿಂದಲೇ?

ಮಾನ್ಯರೇ, ದಡ್ಡತನವನ್ನು ನಾನು ಕ್ಷಮಿಸಬಲ್ಲೆ. ಬೇರೆ ಊರಿನಿಂದ ಬಂದವರು, ಮನೆಯ ಮುಂದೆ ಕುಳಿತವರನ್ನು ಆ ಮನೆಯವರೇ ಎಂದುಕೊಂಡಿರಿ, ಆಗಲಿ. ಆದರೆ ಒಂದು ವಿಷಯ ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ. ನಿಮ್ಮ ಶಿಬಿರ ನಡೆದದ್ದು ಚಳಿಗಾಲದಲ್ಲಿ. ಅದಕ್ಕೂ ಮುಂಚೆ, ದೀಪಾವಳಿಯ ವ್ಯಾಪಾರದ ಗಡಿಬಿಡಿಯಲ್ಲಿ, ಬಿಳಿಯ ಕಾರಿನಲ್ಲಿ ಬಂದ ಇಬ್ಬರು ಲಾಲಬಿಯ ಮನೆಯನ್ನಷ್ಟೇ ಟೇಪು ಹಿಡಿದು ಅಳೆದು ಹೋದರು. ಯಾರು ಎಂದು ನಾನು ಕೇಳಿದ್ದಕ್ಕೆ, “ಸರ್ವೆ ಅಮ್ಮಾ” ಎಂದು ಗಾಜು ಏರಿಸಿದರು. ಅಳತೆ ಮೊದಲು ಬಂತು, ನೆನಪು ಆಮೇಲೆ ಬಂತು. ಓಣಿಯಲ್ಲಿ ಎರಡು ರಸ್ತೆಗೆ ಮುಖ ಮಾಡಿದ ಜಾಗ ಅದೊಂದೇ. ನೆನಪಿನ ಗೋಡೆಗೆ ಇಷ್ಟು ಅಗಲದ ಜಾಗ ಬೇಕೇ? ಗೋಡೆಯ ಹಿಂದೆ ಏನು ಏಳಲಿದೆ? ನಿಮ್ಮ ಯೋಜನೆಯ ನಕ್ಷೆಯಲ್ಲಿ ಆ ಭಾಗವನ್ನು ಖಾಲಿ ಬಿಟ್ಟಿದ್ದೀರಿ. ಖಾಲಿ ಬಿಟ್ಟ ಕಡೆಗೇ ನನ್ನ ಕಣ್ಣು ಹೋಗುತ್ತದೆ, ಏನು ಮಾಡಲಿ?

ಸಂಶಯ ನಿಮ್ಮ ಮೇಲೆ ಮಾತ್ರವಲ್ಲ. ಪಕ್ಕದ ಮನೆಯ ವೀರೇಶನಿಗೂ ಬೋರ್ಡು ಬಂದಿದೆ. ಅವನ ಅವ್ವನ ಫೋಟೋ ಸಹ ಆ ಕಟ್ಟೆಯದೇ. ಲಾಲಬಿಯ ಪರವಾಗಿ ಒಟ್ಟಿಗೆ ಹೋಗೋಣ ಬಾ ಎಂದು ಕರೆದೆ. ಅವನು ಓಣಿಯ ಆಚೆ ಈಚೆ ನೋಡಿ ದನಿ ಇಳಿಸಿದ.

“ಅಕ್ಕಾರ, ಸುಮ್ಮ ಇರ್ರಿ. ಅದು ನಮ್ಮ ಮನಿ ಅಲ್ಲ ಅಂದ್ರ ನಮ್ಮ ಬೋರ್ಡೂ ಹೋಗತೈತಿ. ಬೋರ್ಡ ಹೋದ್ರ ನಿಮ್ಮ ಅಂಗಡಿ ಮುಂದಿಂದೆಲ್ಲ ರಸ್ತಾದಾಗ ಹೋತು.”

“ಖರೆ ಹೇಳಾಕ ಹೆದರಬೇಕೇನೋ?”

“ಖರೆ ಹೇಳಿದ್ರ ಅಕಿ ಮನಿ ಉಳೀತೈತಿ ಅಂತ ಯಾರ ಹೇಳ್ಯಾರ್ರಿ? ಎರಡೂ ಹೋದ್ರ?”

ಅವನ ಮಾತಿನಲ್ಲಿ ತಥ್ಯವಿತ್ತು, ಅದಕ್ಕೇ ಸಿಟ್ಟು ಬಂತು. ಎಂಥ ಚೆಂದದ ಏರ್ಪಾಡು ನೋಡಿ! ಒಂಬತ್ತು ಮನೆಯವರ ಬಾಯಿ ಮುಚ್ಚಿಸಲು ಒಂಬತ್ತು ಹಿತ್ತಾಳೆ ತುಂಡು ಸಾಕಾದವು. ಈಗ ಓಣಿಯಲ್ಲಿ ಯಾರೂ ಯಾರೊಂದಿಗೂ ಫೋಟೋದ ಮಾತೆತ್ತುವುದಿಲ್ಲ. ಲಾಲಬಿಯ ಮನೆ ಮುಂದೆ ಹಾಯುವಾಗ ಎಲ್ಲರಿಗೂ ಫೋನು ನೋಡುವ ಕೆಲಸ ಬರುತ್ತದೆ. ಇದನ್ನೂ ನೀವು ಮೊದಲೇ ಲೆಕ್ಕ ಹಾಕಿದ್ದಿರಾ?

ಕೊನೆಗೆ ನಾನೊಬ್ಬಳೇ ಮೂಲ ಫೋಟೋ ತೆಗೆದುಕೊಂಡು ಲಾಲಬಿಯ ಬಳಿ ಹೋದೆ. ಕಟ್ಟೆಯ ಮುಂದೆ ಈಗ ತಗಡಿನ ಚಪ್ಪರ ಬಂದಿದೆ, ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದಾರೆ, ಗಿಳಿಗಳು ಮಾತ್ರ ಅಲ್ಲೇ ಇವೆ. ಅವಳು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ನನ್ನ ಮುಖ ನೋಡುತ್ತಿದ್ದಾಳೆ ಎಂದುಕೊಂಡೆ.

“ಈ ಕೈಬಳಿ ನಮ್ಮ ಮನಿಯವರು ಲಕ್ಷ್ಮೇಶ್ವರದ ಉರುಸಿನಾಗ ಕೊಡಿಸಿದ್ದರು” ಎಂದಳು.

“ಅಕ್ಕಾ, ಇದನ್ನ ತೋರಿಸಿ ಅವರ ಕೂಡ ಜಗಳಾ ತಗೀತೀನಿ.”

“ಬ್ಯಾಡವಾ ದಾನಮ್ಮ. ಜಗಳಾ ತಗದ್ರ ನಿನ್ನ ಅಂಗಡಿ ಹೋಗತೈತಂತಲ್ಲ, ವೀರೇಶಪ್ಪ ಬಂದು ಹೇಳಿಹೋದ. ನನ್ನ ಕೈಯರ ಬಿದ್ದೈತಲ್ಲ ಇದರಾಗ, ಸಾಕು.”

ಅವಳಿಗೆ ನಾನು ಹೇಳಲಿಲ್ಲ, ನಿಮ್ಮ ಗೋಡೆಗೆ ಹಚ್ಚಲಿರುವ ಫೋಟೋದಲ್ಲಿ ಆ ಕೈಯನ್ನೂ ಕತ್ತರಿಸಿದ್ದೀರಿ ಎಂದು. ಮನೆಗೆ ಬಂದು ಅತ್ತುಬಿಟ್ಟೆ. ಗಿರಾಕಿಯೊಬ್ಬರು ಬಂದು ಬಾಗಿಲು ಬಡಿದಾಗ ಮುಖ ತೊಳೆದುಕೊಂಡು ಸೀರೆ ತೋರಿಸಿದೆ.

ಮರುದಿನ ಬೆಳಿಗ್ಗೆ ವೀರೇಶನ ಮನೆಯಿಂದಲೇ ಸ್ಕ್ರೂಡ್ರೈವರ್ ಇಸಿದುಕೊಂಡು, ಓಣಿಯ ಜನ ನೋಡುತ್ತಿರುವಾಗಲೇ ನನ್ನ ಬೋರ್ಡು ಬಿಚ್ಚಿದೆ. ಅದು ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿದೆ, ನಿಮ್ಮ ಕಚೇರಿಗೆ ತಂದು ಒಪ್ಪಿಸುತ್ತೇನೆ. ಸ್ವೀಕೃತಿ ಕೊಡಬೇಕು, ಸಹಿ ಇಲ್ಲದೆ ಬಿಟ್ಟುಹೋಗುವವಳಲ್ಲ. ನನ್ನ ಅಂಗಡಿಯ ಮುಂಭಾಗ ರಸ್ತೆಗೆ ಹೋಗುವುದಾದರೆ ಹೋಗಲಿ, ನಿಯಮದ ಪ್ರಕಾರ ನನಗೆ ಚರಿತ್ರೆ ಇಲ್ಲ. ಉಳಿದ ಭಾಗದಲ್ಲಿ ಸೀರೆ ಮಾರುತ್ತೇನೆ. ಆದರೆ ಅದೇ ನಿಯಮ ಲಾಲಬಿಗೂ ಹತ್ತಲಿ. ಫೋಟೋ ಇದ್ದ ಮನೆಯನ್ನು ಮುಟ್ಟುವುದಿಲ್ಲ ಎಂದವರು ನೀವು. ಆ ಮನೆಗೆ ಇರುವಷ್ಟು ಫೋಟೋ ಈ ಊರಿನಲ್ಲಿ ಇನ್ನಾವ ಮನೆಗೆ ಇವೆ?

ಸೋಮವಾರ ನಿಮ್ಮ ಯಂತ್ರ ಬರುವ ಮುಂಚೆ ತಾವೇ ಬರಬೇಕು. ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ, ನಿಮ್ಮಲ್ಲಿರುವ ಎಂಟು ಮೂಲ ಫೋಟೋಗಳ ಸಮೇತ. ಒಂಬತ್ತನೆಯದು, ನನ್ನದು, ನನ್ನ ಕೈಯಲ್ಲಿರುತ್ತದೆ, ನಿಮ್ಮ ಕೈಗೆ ಕೊಡುವುದಿಲ್ಲ, ದೂರದಿಂದ ತೋರಿಸುತ್ತೇನೆ. ಒಂದೊಂದನ್ನೇ ಆ ಬಾಗಿಲಿಗೆ ಹಿಡಿದು ನೋಡಿ. ಗಿಳಿ ನೋಡಿ. ನೋಟಿಸು ಹರಿಯಿರಿ. ಒಂಬತ್ತರ ಕೆಳಗೂ ‘ಮಹಬೂಬಸಾಬ ಮತ್ತು ಲಾಲಬಿಯವರ ಮನೆ’ ಎಂದು ಬರೆಯಿರಿ, ಕತ್ತರಿಸಿದ ಕೈಯನ್ನು ಅದರ ಜಾಗಕ್ಕೆ ಮರಳಿಸಿ. ಗೋಡೆ ಕಟ್ಟಲೇಬೇಕಿದ್ದರೆ ಬೇರೆ ಎಲ್ಲಿಯಾದರೂ ಕಟ್ಟಿಕೊಳ್ಳಿ. ಲಾಲಬಿ ಅಂದು ಕಟ್ಟೆಯ ಮೇಲೆ, ನಡುವಿನಲ್ಲಿ ಕುಳಿತಿರುತ್ತಾಳೆ. ಧೋತರ ನಾನು ಹಿಡಿಯುತ್ತೇನೆ.

ಸ್ಕ್ರೂಡ್ರೈವರ್ ವಾಪಸ್ ಕೊಡಲು ಹೋದಾಗ ವೀರೇಶ ಬಾಗಿಲಲ್ಲೇ ನಿಂತಿದ್ದ. “ಅಲ್ಲೇ ಕಟ್ಟಿ ಮ್ಯಾಲೆ ಇಡ್ರಿ ಅಕ್ಕಾರ, ನನಗೂ ಬೇಕಾಗತೈತಿ” ಎಂದ. ಯಾತಕ್ಕೆ ಎಂದು ಕೇಳಬೇಕಿತ್ತು. ಎಲ್ಲವನ್ನೂ ಕೆದಕಿ ಕೇಳುವ ನಾನು ಅದೊಂದನ್ನು ಕೇಳದೆ ಬಂದೆ.

ಇಂತಿ,
ಇನ್ನೊಬ್ಬರ ಬಾಗಿಲ ಮುಂದೆ ಕುಳಿತು ತನ್ನ ಮನೆ ಉಳಿಸಿಕೊಳ್ಳಲು ಒಲ್ಲದ
ದಾನಮ್ಮ
ಸೀರೆ ಅಂಗಡಿ, ನೂಲಪೇಟೆ ಓಣಿ, ಬೆಟಗೇರಿ
(ಬೋರ್ಡು ಇರುವುದಿಲ್ಲ. ಲಾಲಬಿಯ ಕಟ್ಟೆಯಲ್ಲಿ ಕೇಳಿದರೆ ತೋರಿಸುತ್ತಾರೆ.)