ಅಕ್ಕನ ಕೈ ಬೋಣಿ

ಸಾಸ್ತಾನ ಕೋಡಿ
ಗುರುವಾರ, 20-11-2025

ಪ್ರೀತಿಯ ತಮ್ಮ ಮನೀಷನಿಗೆ,

ಅಕ್ಕ ಪದ್ದು ಬರೆಯುವುದು. ಹೇಗಿದ್ದಿ? ಬೆನ್ನುನೋವು ಕಮ್ಮಿ ಆಯ್ತಾ? ಮುಂಬೈಯ ಆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋದರೆ ಎಲ್ಲಿ ಕಮ್ಮಿ ಆಗ್ತದೆ ಮಾರಾಯ. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಸುಳ್ಳು ಬರೆಯಲು ಕೈ ಬರುವುದಿಲ್ಲ. ಹತ್ತು ದಿನದಿಂದ ನೀನು ನನ್ನ ಫೋನ್ ತೆಗೆಯುತ್ತಿಲ್ಲ. ಅದಕ್ಕೇ ನಮ್ಮ ನಾಗನ ಮುಂಬೈ ಬಸ್ಸಿನಲ್ಲಿ ಒಣ ಸಿಗಡಿಯ ಜೊತೆ ಈ ಕಾಗದ ಕಳಿಸುತ್ತಿದ್ದೇನೆ. ಸಿಗಡಿ ಬೇಕಾದರೆ ಕಟ್ಟು ಬಿಚ್ಚಲೇಬೇಕಲ್ಲ.

ನನ್ನ ನವ್ಯಶ್ರೀಗೆ ಸಣ್ಣಂದಿನಿಂದ ನರ್ಸ್ ಆಗುವ ಆಸೆ. ಕಳೆದ ವರ್ಷ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಆಫೀಸು ತೆರೆದು, ನಮ್ಮ ಜಗಲಿಯಲ್ಲಿ ಕೂತು ನೀನೇ ಹೇಳಿದ್ದು, "ಅಕ್ಕಾ, ಇಂಗ್ಲೆಂಡಂಗೆ ನರ್ಸಿಂಗ್ ಮಾಡ್ಲಿ, ನಾನ್ ಕಳ್ಸ್ತೆ" ಅಂತ. ಫಾರ್ಮಿನಲ್ಲಿ ಬೇರೆ ಏನೋ ಹೆಸರಿತ್ತು, ಅವಳು ಕೇಳಿದಳು ಕೂಡ. "ಅಲ್ಲಿ ನರ್ಸಿಂಗಿಗೆ ಹಾಂಗೇ ಹೇಳುದ್" ಅಂದೆ ನೀನು. ನಾನು ಸಹಿ ಹಾಕಿದ ಕೂಡಲೇ ಆ ಫಾರ್ಮನ್ನು ಕಣ್ಣಿಗೊತ್ತಿಕೊಂಡು, "ಹೊಸ ಆಫೀಸ್, ಅಕ್ಕನ ಕೈಯಂಗೇ ಬೋಣಿ ಆಯ್ಲಿ" ಅಂದೆಯಲ್ಲ, ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಮೂವತ್ತು ವರ್ಷ ಮೀನು ಮಾರಿದವಳು ನಾನು. ದಿನದ ಮೊದಲ ಗಿರಾಕಿಯ ದುಡ್ಡನ್ನು ನಾನೂ ಹಾಗೇ ಕಣ್ಣಿಗೊತ್ತಿಕೊಳ್ಳುವುದು. ಆದರೂ ಬೋಣಿ ಅಂದರೆ ಅಲ್ಲಿ ಏನೋ ಮಾರಾಟ ಆಗಿದೆ ಅಂತ ಆವತ್ತು ನನ್ನ ಮಂಡೆಗೆ ಹೋಗಲಿಲ್ಲ. ನಿನ್ನ ಬುಟ್ಟಿಯಲ್ಲಿ ಇದ್ದದ್ದು ನನ್ನ ಮಗಳು.

ಇಂಗ್ಲೆಂಡಿಗೆ ಹೋಗಿ ನೋಡಿದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ, ಅದೇ ಅವಳ ಕಾಲೇಜಂತೆ. ಅವಳು ಅಲ್ಲಿ ಒಂದು ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಕಲಿಸುವುದು ಆಫೀಸು ನಡೆಸುವ ಪಾಠ, ಅದನ್ನು ಓದಿ ಯಾರೂ ನರ್ಸ್ ಆಗುವುದಿಲ್ಲ ಅಂತ ಅಲ್ಲಿನ ಟೀಚರೇ ಹೇಳಿದರಂತೆ. ಮಕ್ಕಳನ್ನು ಕಳಿಸಿದವರಿಗೆ ಆ ಕಾಲೇಜಿನವರು ತಲೆಗಿಷ್ಟು ಅಂತ ಕಮಿಷನ್ ಕೊಡುತ್ತಾರಂತೆ, ನರ್ಸಿಂಗ್ ಕಾಲೇಜಿನವರು ಕೊಡುವುದಿಲ್ಲವಂತೆ. ಅವಳು ಅಳುತ್ತಾ ಫೋನ್ ಮಾಡಿದರೆ ನೀನು ಹೇಳಿದ್ದೇನು? "ಊರಂಗೆ ಯಾರಿಗೂ ಹೇಳ್ಬೇಡ, ನನ್ ಹೆಸ್ರ್ ಹಾಳಾತ್ತ್." ಥೂ! ಸೋದರಮಾವ ಆಡುವ ಮಾತಾ ಇದು? ಹೊರಗಿನವರು ಮೋಸ ಮಾಡಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ನಿನಗೆ ಗಂಜಿ ಉಣ್ಣಿಸಿದ ಕೈಯಿಂದಲೇ ಸಹಿ ಹಾಕಿಸಿಕೊಂಡೆಯಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ಈಗ ಭಾನುವಾರ ಸಾಲಿಗ್ರಾಮದ ಸಭಾಭವನದಲ್ಲಿ ನಿನ್ನ ವಿದೇಶಿ ಶಿಕ್ಷಣ ಮೇಳ. ಟೋಲ್‌ಗೇಟಿನ ಹತ್ತಿರ ದೊಡ್ಡ ಬ್ಯಾನರ್ ಕಟ್ಟಿಸಿದ್ದಿ. ಅದರಲ್ಲಿ ನವ್ಯಶ್ರೀಯ ಫೋಟೊ, ಕೆಳಗೆ "ನಮ್ಮೂರ ಹುಡುಗಿ, ಇಂಗ್ಲೆಂಡಿನಲ್ಲಿ ನರ್ಸಿಂಗ್" ಅಂತ. ಆಚೆಮನೆ ರತ್ನ ಅದರೆದುರು ನಿಂತು ಮಗಳು ಮೋಕ್ಷಿತಾಳ ಫೋಟೊ ತೆಗೆದಳು. ಭಾನುವಾರ ಆ ಹುಡುಗಿ ನಿನ್ನ ಕೈಗೆ ಪಾಸ್‌ಪೋರ್ಟ್ ಕೊಡುವವಳು. "ಪದ್ದಕ್ಕನ ಹೆಣ್ಣೇ ಹೋಯ್ತಲ್ದಾ, ನಮ್ಗೆಂತ ಹೆದ್ರಿಕೆ" ಅಂತಾಳೆ ರತ್ನ. ತಮ್ಮನ ಮರ್ಯಾದೆ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾನು ವೇದಿಕೆಗೆ ಬಂದು ಎರಡು ಮಾತಾಡಬೇಕು ಅಂತ ನಿನ್ನ ಆಫೀಸಿನ ಸ್ವಾತಿ ಮೂರು ಸಲ ಫೋನ್ ಮಾಡಿದ್ದಾಳೆ. ಬರುತ್ತೇನೆ ಅಂದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೆಂಡತಿಯನ್ನು ಕೇಳಿದೆ ಅಂತ ಹೇಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ದೇವರು ನಿನಗೆ ಆಯಸ್ಸು ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಪದ್ದು

ತಾ.ಕ.: ಬಸ್ಸಿಗೆ ಹೊತ್ತಾಯಿತು, ಒಂದು ಬರೆಯುವುದು ಬಿಟ್ಟುಹೋಯಿತು. ವೇದಿಕೆಯಲ್ಲಿ ಇಡಲು ನವ್ಯಶ್ರೀಯ ದೊಡ್ಡ ಫೋಟೊ ತನ್ನಿ ಅಂದಿದ್ದಾಳೆ ಸ್ವಾತಿ. ಫೋಟೊ ತರುವುದಿಲ್ಲ. ಓದು ಬಿಟ್ಟು ಮಂಗಳವಾರ ನವ್ಯಶ್ರೀಯೇ ಮನೆಗೆ ಬಂದಿದ್ದಾಳೆ. ಊರಿಗಿನ್ನೂ ಗೊತ್ತಿಲ್ಲ. ಈ ಸಿಗಡಿ ಕಟ್ಟು ಕಟ್ಟಿದ್ದು ಅವಳೇ. ಭಾನುವಾರ ಮೋಕ್ಷಿತಾಳ ಪಾಸ್‌ಪೋರ್ಟ್ ಮುಟ್ಟುವ ಮೊದಲು ಮೈಕನ್ನು ನವ್ಯಶ್ರೀಗೆ ಕೊಡು. ಬೋಣಿ ಅವಳ ಬಾಯಿಂದಲೇ ಆಯ್ಲಿ.