ಹಿಂದಿನ ಸೀಟಿನ ನೀರು

ತೋಡಾರು,
೩ ಜೂನ್ ೨೦೦೭

ಪ್ರೀತಿಯ ಬಾಪಾ,

ಅಸ್ಸಲಾಮು ಅಲೈಕುಂ. ನಿಮಗೆ ಕಾಗದ ಬರೆಯದೆ ಎಂಟು ವರ್ಷವಾಯಿತು. ಮೊದಲೆಲ್ಲ ಉಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬ್ಯಾರಿ ಭಾಷೆಯಲ್ಲಿ ಹೇಳುತ್ತಿದ್ದರು, ನಾನು ಅದನ್ನು ಶಾಲೆಯ ಕನ್ನಡಕ್ಕೆ ತಂದು ಬರೆಯುತ್ತಿದ್ದೆ. ಇವತ್ತು ಯಾರೂ ಹೇಳಿ ಬರೆಸುತ್ತಿಲ್ಲ. ಲಕೋಟೆಯ ಮೇಲೆ ಬರೆಯಲು ವಿಳಾಸವೂ ಇಲ್ಲ. ದಮ್ಮಾಮಿನ ಯಾವ ಖಬರಸ್ಥಾನದಲ್ಲಿ, ಎಷ್ಟನೆಯ ಸಾಲಿನಲ್ಲಿ ನಿಮ್ಮನ್ನು ಮಲಗಿಸಿದರು ಎಂಬುದು ನಮಗೆ ಈವರೆಗೂ ತಿಳಿದಿಲ್ಲ.

ನಿಮ್ಮ ಕಾರಿನ ವಿಷಯ ಹೇಳಬೇಕು ಬಾಪಾ. ಹೇಳದೆ ಇನ್ನು ಆಗುವುದಿಲ್ಲ.

ತೊಂಬತ್ತೇಳರ ರಜೆಯಲ್ಲಿ ನೀವು ಬಂಟ್ವಾಳದ ಚನಿಯಪ್ಪಣ್ಣನ ಗ್ಯಾರೇಜಿನಿಂದ ಆ ಬೂದು ಬಣ್ಣದ ಹಳೇ ಕಾರು ತಂದಿರಿ. ಹೆಣ್ಣುಮಗಳಿಗೆ ಡ್ರೈವಿಂಗ್ ಯಾಕೆ ಎಂದು ನಿಝಾಮ್ ಮಾಮ ಕೇಳಿದ್ದಕ್ಕೆ, 'ನಾನು ವರ್ಷದಲ್ಲಿ ಹತ್ತು ತಿಂಗಳು ಮರಳಿನಲ್ಲಿರ್ತೇನೆ, ನನ್ನ ಖದೀಜನನ್ನು ತವರಿಗೆ ಕರೆದುಕೊಂಡು ಹೋಗಲಿಕ್ಕೆ ಯಾರಾದರೂ ಬೇಕಲ್ಲ' ಎಂದಿರಿ. ಮೂಡಬಿದ್ರಿಯ ಮೈದಾನದಲ್ಲಿ ಹದಿನೈದು ದಿನ ಕಲಿಸಿದಿರಿ. ನನ್ನ ಕೈ ಪಳಗಿದ ಮೇಲೆ ನೀವು ಮುಂದೆ ಕೂರಲೇ ಇಲ್ಲ. ಉಮ್ಮನಿಗೆ ವಾಂತಿ ಬರುತ್ತದೆ, ಅವಳು ಮುಂದೆ ಇರಲಿ ಎಂದು, ನೀವು ನನ್ನ ಬೆನ್ನ ಹಿಂದೆ ಕೂರುತ್ತಿದ್ದಿರಿ. ನಿಮಗೊಂದು ಅಭ್ಯಾಸವಿತ್ತು. ಏನಾದರೂ ಹೇಳುವ ಮೊದಲು ಗಂಟಲಲ್ಲಿ ಒಂದು ಗುಟುಕು ನುಂಗುತ್ತಿದ್ದಿರಿ. ತಿರುವು ಹತ್ತಿರ ಬಂದಾಗ ಹಿಂದಿನಿಂದ ಆ ಗುಟುಕಿನ ಶಬ್ದ ಕೇಳುತ್ತಿತ್ತು, ಆಮೇಲೆ 'ನಿಧಾನ ಮಗಳೇ' ಎಂಬ ಮಾತು.

ತೊಂಬತ್ತೊಂಬತ್ತರ ಮಾರ್ಚಿನಲ್ಲಿ ನೀವು ಮಾಡಿದ ಕೊನೆಯ ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು. 'ಮಳೆಗೆ ಮೊದಲು ಮುಂದಿನ ಗಾಜಿನ ಕೆಳಗಿನ ಜಾಲರಿಯಿಂದ ಹುಣಸೆ ಎಲೆ ತೆಗಿ. ಅಲ್ಲಿ ನೀರು ಇಳಿಯುವ ತೂತು ಉಂಟು. ಅದು ಕಟ್ಟಿಕೊಂಡರೆ ಕಾರು ಒಳಗಿನಿಂದ ಕೊಳೆಯುತ್ತದೆ.' ಆಯ್ತು ಬಾಪಾ ಎಂದು ಫೋನನ್ನು ಉಮ್ಮನಿಗೆ ಕೊಟ್ಟೆ. ಹನ್ನೆರಡು ದಿನಗಳ ನಂತರ ನಿಮ್ಮ ಕೋಣೆಯ ಜೊತೆಗಾರ ಸುಲೈಮಾನ್ ಫೋನ್ ಮಾಡಿದರು. ನಸುಕಿನ ಸುಬಹಿ ನಮಾಝಿಗೆ ಎಬ್ಬಿಸಲು ಹೋದರೆ ನೀವು ಏಳಲಿಲ್ಲವಂತೆ. ಕಾಗದಪತ್ರ ಆಗಲು ವಾರಗಟ್ಟಲೆ ಬೇಕು, ಅಷ್ಟು ದಿನ ಇಡುವುದು ಬೇಡ, ಇಲ್ಲೇ ಮಣ್ಣು ಮಾಡುತ್ತೇವೆ ಎಂದರು. ಉಮ್ಮ ಹೂಂ ಎಂದರು. ಅಷ್ಟೇ. ಅಳಲಿಲ್ಲ. ಮುಖ ನೋಡದೆ ಹೇಗೆ ಅಳುವುದು ಎಂದು ಒಮ್ಮೆ ನನ್ನನ್ನೇ ಕೇಳಿದರು, ನನಗೇನೋ ಉತ್ತರ ಗೊತ್ತಿದೆ ಎನ್ನುವ ಹಾಗೆ.

ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ, ವಿಧವೆಯರ ಆ ಶೋಕದ ಅವಧಿ ಮುಗಿಯುವ ತನಕ, ಉಮ್ಮ ಮನೆಯೊಳಗೇ ಇದ್ದರು. ಕಾರು ಅಂಗಳದ ಅಂಚಿನ ಹುಣಸೆಮರದ ಕೆಳಗೆ ನಿಂತೇ ಇತ್ತು. ಜೂನ್ ಬಂತು, ಮಳೆ ಹಿಡಿಯಿತು. ನೀವು ಹೇಳಿದ ಕೆಲಸ ನನಗೆ ನೆನಪಿಗೇ ಬರಲಿಲ್ಲ. ಕಾರಿನ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ ಬಾಪಾ.

ಆಗಸ್ಟಿನಲ್ಲಿ ಇದ್ದತ್ ಮುಗಿದ ಮರುದಿನ ಉಮ್ಮ, 'ಮಡಂತ್ಯಾರಿಗೆ ಹೋಗುವ' ಎಂದರು. ತವರಿಗೆ. ಕಾರಿನೊಳಗೆ ಒದ್ದೆ ಗೋಣಿಯ ವಾಸನೆ. ಉಮ್ಮ ಎಂದಿನ ಹಾಗೆ ಮುಂದೆ ಕೂತರು. ವೇಣೂರು ದಾಟಿ ಮೊದಲ ದೊಡ್ಡ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದೆ. ನನ್ನ ಬೆನ್ನ ಹಿಂದಿನಿಂದ ಆ ಶಬ್ದ ಬಂತು. ಒಂದು ಗುಟುಕು ನುಂಗಿದ ಹಾಗೆ.

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಉಮ್ಮ ಹಿಂದೆ ತಿರುಗಲಿಲ್ಲ. ತಲೆಯ ಮೇಲಿನ ಶಾಲು ಸರಿಪಡಿಸಿಕೊಂಡರು. ನೀವು ಎದುರಿದ್ದಾಗ ಮಾಡುತ್ತಿದ್ದ ಹಾಗೆಯೇ. ಆಮೇಲೆ ಮೆಲ್ಲನೆ, 'ಬಂದಿರಾ?' ಎಂದರು.

ಅವತ್ತಿನಿಂದ ಉಮ್ಮನಿಗೆ ಮಾತು ಬಂತು. ಮನೆಯಲ್ಲಿ ಅಲ್ಲ, ಕಾರಿನಲ್ಲಿ ಮಾತ್ರ. ವಾರಕ್ಕೆ ಎರಡು ಸಲ ಏನಾದರೊಂದು ನೆಪ. ತವರಿನಲ್ಲಿ ತೆಂಗಿನಕಾಯಿ ಉಂಟು, ಬೆಳ್ತಂಗಡಿಯಲ್ಲಿ ನೆಂಟರ ಹುಡುಗಿ ಜುಲೈಕಾ ಹೆತ್ತಿದ್ದಾಳೆ, ಬಂಟ್ವಾಳದಲ್ಲಿ ಮೀನು ಒಳ್ಳೆಯದಂತೆ. ತಿರುವಿನಲ್ಲಿ ಆ ಶಬ್ದ ಬಂದ ಕೂಡಲೇ ಮಾತು ಶುರು. ಹಿತ್ತಿಲ ಕಟ್ಟೆ ಕುಸಿದದ್ದು, ನಿಮ್ಮ ಅಂಗಿಗಳನ್ನು ಯಾರಿಗೂ ಕೊಡದೆ ಇಟ್ಟದ್ದು, ಮದುವೆಯಾದ ಹೊಸತರಲ್ಲಿ ನಿಮ್ಮ ತಾಯಿ ಆಡಿದ ಯಾವುದೋ ಮಾತು. ನಡುವೆ ಸುಮ್ಮನಾಗಿ ಕಿವಿಗೊಡುತ್ತಿದ್ದರು. ಕೆಲವು ಸಲ ನಕ್ಕದ್ದೂ ಉಂಟು. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲೂ ಕುತ್ತಿಗೆಯ ಹಿಂದೆ ತಣ್ಣಗಾಗುತ್ತಿತ್ತು. ನನಗೆ ಹೆದರಿಕೆ ಇತ್ತು, ಆಸೆಯೂ ಇತ್ತು. ಒಂಟಿಯಾಗಿ ಹೋಗುವಾಗ ಬೇಕೆಂದೇ ತಿರುವಿನಲ್ಲಿ ಸ್ವಲ್ಪ ಜೋರಾಗಿ ತಿರುಗಿಸಿದ್ದೇನೆ, ನೀವು ಗದರಲಿ ಎಂದು.

ಅಕ್ಟೋಬರಿನ ಹೊತ್ತಿಗೆ ಉಮ್ಮನಿಗೆ ದಮ್ಮು ಹತ್ತಿತು. ಕಾರಿನಿಂದ ಇಳಿದರೆ ಅರ್ಧ ಗಂಟೆ ಏದುಸಿರು. ಮೂಡಬಿದ್ರಿಯ ಡಾಕ್ಟರು, 'ಎಲ್ಲಿಯೋ ಬೂಸು ಹಿಡಿದ ಜಾಗದಲ್ಲಿ ಕೂರ್ತಾರೆ ಇವರು. ಅದನ್ನು ನಿಲ್ಲಿಸದಿದ್ದರೆ ಮದ್ದು ಕೊಟ್ಟು ಪ್ರಯೋಜನ ಇಲ್ಲ' ಎಂದರು. ಹಿಂದಿನ ಸೀಟಿನ ಕೆಳಗಿನ ಚಾಪೆ ಎತ್ತಿ ನೋಡಿದೆ. ಬಿಳಿ ಬೂಸು ಬೆರಳುದ್ದ ಬೆಳೆದಿತ್ತು. ಅದೇ ವಾರ ನಿಝಾಮ್ ಮಾಮ ಒಮ್ಮೆ ನಮ್ಮ ಜೊತೆ ಬಂದು, ಉಮ್ಮ ಮಾತಾಡುವುದನ್ನು ಕೇಳಿ, ಮುಖ ಬಿಳಿಚಿಕೊಂಡು ಇಳಿದರು. 'ಅಕ್ಕನ ತಲೆ ಕೆಡುತ್ತಾ ಉಂಟು. ಕಾರು ಮಾರು, ಇಲ್ಲದಿದ್ದರೆ ನಾನೇ ಮಾರ್ತೇನೆ' ಎಂದರು.

ಉಮ್ಮನಿಗೆ ತಿಳಿಸದೆ ಚನಿಯಪ್ಪಣ್ಣನಲ್ಲಿಗೆ ಹೋದೆ. ಅವರು ಕಾರನ್ನು ಒಮ್ಮೆ ಹಿಂದಕ್ಕೂ ಮುಂದಕ್ಕೂ ತಳ್ಳಿ ಕಿವಿ ಇಟ್ಟರು. ನಕ್ಕರು. 'ತಂಗೀ, ಇದರ ಹೊಟ್ಟೆಯೊಳಗೆ ನೀರು ನಿಂತಿದೆ. ಗಾಜಿನ ಕೆಳಗಿನ ತೂತು ಎಲೆ ತುಂಬಿ ಮುಚ್ಚಿದೆ, ಮಳೆನೀರು ಒಳಗೆ ಇಳಿದು ಬಾಗಿಲಿನ ಕೆಳಗಿನ ಟೊಳ್ಳಿನಲ್ಲಿ ಸೇರಿದೆ. ಅದಕ್ಕೂ ಅಡಿಯಲ್ಲಿ ತೂತು ಉಂಟು, ಅದೂ ಕೆಸರಿಗೆ ಕಟ್ಟಿದೆ. ತಿರುವಿನಲ್ಲಿ ನೀರು ಹಿಂದೆ ಓಡ್ತದೆ, ಅಷ್ಟೇ. ಕೊಡು, ಹತ್ತು ನಿಮಿಷದ ಕೆಲಸ.' ಬೇಡ ಎಂದೆ. ಸೈಕಲ್ಲಿನ ಹಳೆಯ ಬ್ರೇಕ್ ತಂತಿಯ ತುಂಡೊಂದನ್ನು ಕೇಳಿ ತಂದೆ. ನಿಮಗೆ ಕೊನೆಯ ಸ್ನಾನ ಮಾಡಿಸಿದ್ದು ಯಾರೋ, ಅವರ ಹೆಸರು ಕೂಡ ನಮಗೆ ಗೊತ್ತಿಲ್ಲ. ಇದನ್ನೂ ಹೊರಗಿನವರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ.

ಶನಿವಾರ ಮಧ್ಯಾಹ್ನ ಉಮ್ಮ ನಮಾಝ್ ಮುಗಿಸಿ ಅಡ್ಡಾದಾಗ ಅಂಗಳಕ್ಕೆ ಇಳಿದೆ. ಜಾಲರಿಯಡಿ ಕೈ ಹಾಕಿ ತೆಗೆದಷ್ಟೂ ಹುಣಸೆ ಎಲೆ, ಕೊಳೆತು ಚಾಪುಡಿಯ ಹಾಗಾಗಿತ್ತು. ಎರಡು ಬದಿಯ ತೂತು ಬಿಡಿಸಿದೆ. ಮತ್ತೆ ಗೋಣಿ ಹಾಸಿ ಕಾರಿನ ಪಕ್ಕ ಮಲಗಿ, ಹಿಂದಿನ ಬಾಗಿಲಿನ ಕೆಳಗೆ ತಂತಿಯ ತುದಿ ಇಟ್ಟೆ. ಕಾರು ನಿಂತಲ್ಲೇ ಇತ್ತು. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಆಗ ಒಳಗಿನಿಂದ ಆ ಶಬ್ದ ಬಂತು. ಒಂದು ಗುಟುಕು.

ಅದಾದ ಮೇಲೆ ನೀವು ಮಾತಾಡಬೇಕಿತ್ತು. ನಾನು ಕೈ ತಡೆದು ಕಾದೆ ಬಾಪಾ. 'ನಿಧಾನ' ಎಂಬ ಒಂದು ಮಾತು ಬಂದಿದ್ದರೆ ತಂತಿ ಹೊರಗೆಳೆದು ಎಸೆಯುತ್ತಿದ್ದೆ. ಬರಲಿಲ್ಲ. ಮನೆಯೊಳಗೆ ಉಮ್ಮ ಕೆಮ್ಮಿದರು, ಉಸಿರು ಎಳೆದುಕೊಳ್ಳುವ ಶಬ್ದ ಅಂಗಳದವರೆಗೆ ಕೇಳಿತು. ತಂತಿಯನ್ನು ಒತ್ತಿದೆ.

ಕಪ್ಪು ನೀರು ನನ್ನ ಮೊಣಕೈವರೆಗೆ ಇಳಿಯಿತು. ಬೆಚ್ಚಗಿತ್ತು. ಬಿಸಿಲಿಗೆ ನಿಂತ ಕಾರು, ಬೆಚ್ಚಗಿರದೆ ಇನ್ನೇನು ಎಂದು ನನಗೆ ನಾನೇ ಹೇಳಿಕೊಂಡೆ. ನೀರು ಅಂಗಳದ ಅಂಚಿನ ಮಣ್ಣಿಗೆ ಹರಿದು ಇಂಗಿತು.

ಸೋಮವಾರ ಮಡಂತ್ಯಾರಿಗೆ ಹೊರಟೆವು. ವೇಣೂರಿನ ತಿರುವು ಬಂತು, ಹೋಯಿತು. ಶಬ್ದವಿಲ್ಲ. ಉಮ್ಮ ಕಾದರು. ಇನ್ನೊಂದು ತಿರುವು. ಆಗ ಉಮ್ಮ ಮೊದಲ ಸಲ ಹಿಂದೆ ತಿರುಗಿ ನೋಡಿದರು. ಕಾರು ನಿಲ್ಲಿಸು ಎಂದರು. ನಿಲ್ಲಿಸಿದೆ. ನನ್ನ ಮುಖ ನೋಡಿ ಕೇಳಿದರು, 'ನುಸ್ರತ್, ಅವರನ್ನು ಎಲ್ಲಿ ಇಳಿಸಿದೆ?'

ನಾನು ಎಲ್ಲ ಹೇಳಿದೆ. ತೂತು, ಎಲೆ, ತಂತಿ. ಉಮ್ಮ ಪೂರ್ತಿ ಕೇಳಿ, 'ಮನೆಗೆ ಹೋಗುವ' ಎಂದರು. ಅಂಗಳದಲ್ಲಿ, ನೀರು ಇಂಗಿದ ಜಾಗ ಯಾವುದೆಂದು ತೋರಿಸಲು ಹೇಳಿದರು. ಅಲ್ಲಿ ಕೂತರು. ಮಣ್ಣಿನ ಮೇಲೆ ಅಂಗೈ ಇಟ್ಟರು. ಆಮೇಲೆ ಅತ್ತರು ಬಾಪಾ. ಏಳು ತಿಂಗಳು ಒಳಗೇ ಇದ್ದ ಅಳು. ನೆರೆಯವರು ಬೇಲಿಯ ತನಕ ಬಂದು ನಿಂತರು, ಯಾರೂ ಒಳಗೆ ಬರಲಿಲ್ಲ. ಸಂಜೆ ಎದ್ದವರು ಒಂದೇ ಪ್ರಶ್ನೆ ಕೇಳಿದರು.

'ನಿನಗೂ ಕೇಳಿಸುತ್ತಿತ್ತಾ?'

ಇಲ್ಲ ಎಂದೆ. 'ಬರೀ ನೀರು ಉಮ್ಮ, ನೀರಿನ ಶಬ್ದ' ಎಂದೆ. ನನಗೂ ನೀವೇ ಎಂದು ಕೇಳಿಸುತ್ತಿತ್ತು ಅಂದರೆ ಅವರು ನನ್ನನ್ನು ಕ್ಷಮಿಸಲಾರರು ಎನಿಸಿತು. ಗೊತ್ತಿದ್ದೂ ತಂತಿ ಒತ್ತಿದವಳಾಗುತ್ತಿದ್ದೆ. ಉಮ್ಮ ತಲೆಯಾಡಿಸಿ ಒಳಗೆ ಹೋದರು. ಅಂದಿನಿಂದ ಕಾರು ಹತ್ತಲಿಲ್ಲ. ತವರಿಗೆ ಬಸ್ಸು. ದಮ್ಮು ಬಿಟ್ಟಿತು, ಮೈ ಸುಧಾರಿಸಿತು. ಆದರೆ ನಿಮ್ಮ ಹೆಸರು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ತನಗೆ ತಲೆ ಕೆಟ್ಟಿತ್ತು ಎಂದು ಅವರು ನಂಬಿದರು. ಆ ನಂಬಿಕೆ ನಾನು ಕೊಟ್ಟದ್ದು. ಕತ್ತಲೆ, ದೆವ್ವ ಯಾವುದೂ ನನ್ನನ್ನು ಹೆದರಿಸಿಲ್ಲ. ಎಂಟು ವರ್ಷವೂ ನನ್ನ ಬೆನ್ನ ಹಿಂದೆಯೇ ಬಂದದ್ದು ಆ ಒಂದು 'ಇಲ್ಲ'.

ಇವತ್ತು ಬೆಳಿಗ್ಗೆ, ಪ್ರತಿ ವರ್ಷದಂತೆ ಮಳೆಗೆ ಮೊದಲು ಜಾಲರಿ ಬಿಡಿಸುತ್ತಿದ್ದೆ. ಉಮ್ಮ ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದರು. ಕೈಯಲ್ಲಿ ಕೊಳೆತ ಎಲೆ ಹಿಡಿದೇ ಹೇಳಿದೆ. 'ಉಮ್ಮಾ, ಅವತ್ತು ನಾನು ಸುಳ್ಳು ಹೇಳಿದೆ. ನನಗೂ ಕೇಳಿಸುತ್ತಿತ್ತು.'

ಅವರ ಕೈ ನಿಂತಿತು. 'ಏನು ಕೇಳಿಸಿತು?' ಎಂದರು.

'ಗುಟುಕಿನ ಶಬ್ದ. ಮಾತು ಕೇಳಿಸಲಿಲ್ಲ.'

'ನನಗೆ ಮಾತು ಕೇಳಿಸಿತು' ಎಂದರು ಉಮ್ಮ.

ಬಾಪ ಏನು ಹೇಳಿದರು ಎಂದು ಕೇಳಿದೆ. ಉಮ್ಮ ಮಡಚಿದ ಬಟ್ಟೆ ಒಳಗಿಟ್ಟು, ಬುರ್ಖಾ ಹಾಕಿಕೊಂಡು ಬಂದು, ಹಿಂದಿನ ಬಾಗಿಲು ತೆಗೆದು ಕೂತರು. ಉಮ್ಮ ಹಿಂದೆ ಕೂತದ್ದು ನಾನು ನೋಡಿದ್ದು ಅದೇ ಮೊದಲು. 'ತೆಗಿ ಕಾರು' ಎಂದರು. ಕೈ ಒರೆಸಿಕೊಂಡು ವೇಣೂರಿನ ದಾರಿ ಹಿಡಿದೆ.

ವೇಣೂರಿನ ತಿರುವಿನಲ್ಲಿ ಶಬ್ದ ಬರಲಿಲ್ಲ ಬಾಪಾ. ಬರಲು ನೀರೇ ಇರಲಿಲ್ಲ, ನಾನೇ ಬಿಡಿಸಿದ್ದೆ. ಕನ್ನಡಿಯಲ್ಲಿ ನೋಡಿದೆ. ಉಮ್ಮ ಎಡಗಡೆಯ ಬಾಗಿಲಿಗೆ ಒತ್ತಿಕೊಂಡು ಕೂತಿದ್ದರು, ನನ್ನ ಬೆನ್ನ ಹಿಂದಿನ ಜಾಗವನ್ನು ಪೂರ್ತಿ ಬಿಟ್ಟು. ಕಿವಿಗೊಟ್ಟಿದ್ದರು. ಆಮೇಲೆ ಮೆಲ್ಲನೆ, ಯಾರಿಗೋ ಹೌದು ಎನ್ನುವ ಹಾಗೆ, ತಲೆಯಾಡಿಸಿದರು.

ನಾನು ಗಾಡಿಯನ್ನು ನಿಧಾನ ಮಾಡಿದೆ.

ನಾವು ಕಾಣದ ನಿಮ್ಮ ಖಬರನ್ನು ಅಲ್ಲಾಹು ವಿಶಾಲವಾಗಿಸಲಿ, ಅದರೊಳಗೆ ಬೆಳಕು ತುಂಬಲಿ. ಆ ಮಣ್ಣು ನಿಮ್ಮ ಮೇಲೆ ಹಗುರವಾಗಿರಲಿ. ಆಮೀನ್.

ನಿಮ್ಮ ಮಗಳು,
ನುಸ್ರತ್