ದೊಡ್ಡ ಬಾಯಿಯ ತಬಲಾ

ಬೀದರ
೨೦ ಜನವರಿ ೨೦೨೫

ನನ್ನ ಸಿಟ್ಟಿನ ಅವ್ವನಿಗೆ, ಮಗಳು ಉಜ್ವಲಾಳ ಜೈ ಭೀಮ.

ನಮ್ಮೂರು ಮೆಹಕರಕ್ಕೆ ಹೊರಟಿರುವ ಕಪಿಲ ಮಾಮನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನು ಏನಾಯಿತು ಎಂದು ಕೇಳಬೇಡ. ಫೋನಿನಲ್ಲಿ ನಾನು ಅರ್ಧ ಹೇಳುವುದರೊಳಗೆ ನೀನು ಪೂರ್ತಿ ಬೈದು ಇಟ್ಟುಬಿಡುತ್ತೀ. ಕಾಗದವಾದರೆ ನಿನಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಿನ್ನ ಅಂಗನವಾಡಿಯ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಒಂದು ಕಪ್ಪು ಚಹಾ ಇಟ್ಟುಕೊಂಡು ಕೊನೆಯವರೆಗೆ ಓದು. ಅರ್ಧಕ್ಕೆ ಹರಿದು ಒಲೆಗೆ ಹಾಕಿದರೆ ನನ್ನಾಣೆ.

ಮುಂದಿನ ಗುರುವಾರ ಸಂಜೆ ನನ್ನ ಎಂ.ಎ. ಸಂಗೀತದ ಕೊನೆಯ ಪರೀಕ್ಷೆ. ಬರೆಯುವುದಲ್ಲ, ವೇದಿಕೆಯ ಮೇಲೆ ಕುಳಿತು ಹಾಡುವುದು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಊರವರೂ ಬಂದು ಕೇಳಬಹುದು. ಇದರಲ್ಲಿ ಬಿದ್ದರೆ ಇಷ್ಟು ದಿನದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೋದ ಸಲದ ಪರೀಕ್ಷೆಯ ಕಥೆ ನಿನಗೆ ಗೊತ್ತೇ ಇದೆ. ಮೇಲಿನ ಸಾ ಹಿಡಿಯಲು ಹೋಗಿ ದನಿ ಒಡೆಯಿತು, ಹಿಂದೆ ಕುಳಿತ ಯಾರೋ ಕಿಸಕ್ಕನೆ ನಕ್ಕರು, ಅಂತೂ ಇಂತೂ ಪಾಸಾದೆ. ಅವತ್ತು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಇನ್ನೊಂದ್ ಸಲ ನೋಡ್ತೇನಿ. ಆಗ್ಲಿಲ್ಲಂದ್ರ ಸುಮ್ಮ ಮನಿಗಿ ಬಂದು ಬಿ.ಎಡ್. ಮಾಡು. ಹಾಡಿಂದ ನಮ್ಮನಿಗಿ ಯಾವತ್ತೂ ಒಳ್ಳೇದಾಗಿಲ್ಲ."

ಅವ್ವಾ, ನಾನು ಬಿ.ಎಡ್. ಮಾಡುವುದಿಲ್ಲ. ನಾನು ಹಾಡುತ್ತೇನೆ.

ತಪ್ಪು ನನ್ನ ಗಂಟಲಿನದಾಗಿರಲಿಲ್ಲ. "ಕುಣಿಲಾಕ ಬರದಾಕಿ ನೆಲ ಡೊಂಕಂದ್ಳಂತ" ಎಂದು ನೀನು ಗೊಣಗುವುದು ಬೀದರದವರೆಗೆ ಕೇಳಿಸುತ್ತಿದೆ. ಗೊಣಗು. ಆದರೆ ನೆಲ ಖರೆಯಾಗಿಯೂ ಡೊಂಕಾಗಿತ್ತು. ನಮ್ಮ ವಿಭಾಗದ ಹುಡುಗಿಯರೆಲ್ಲ ಹಾರ್ಮೋನಿಯಂನ ನಾಲ್ಕನೆಯ ಕರಿ ಮನೆ ಒತ್ತಿ, ಆ ಎತ್ತರದ ಸುರವನ್ನೇ ಸಾ ಎಂದು ಹಿಡಿದು ಹಾಡುತ್ತಾರೆ. ಹಾಗೆಂದು ಯಾರೂ ನಿಯಮ ಮಾಡಿಲ್ಲ. ಹುಡುಗಿಯರಿಗೆಂದು ಇಟ್ಟಿರುವ ತಬಲಾ ಸಣ್ಣ ಬಾಯಿಯದು, ಆ ಸುರಕ್ಕಷ್ಟೇ ಕೂಡುತ್ತದೆ. ಹೀಗಾಗಿ ಬಂದವರೆಲ್ಲ ತಬಲಾಕ್ಕೆ ತಕ್ಕಂತೆ ಗಂಟಲು ಎತ್ತರಿಸಬೇಕು. ನಾನೂ ಎತ್ತರಿಸಿದೆ. ಜ್ಯೇಷ್ಠಮಧು ಅಗಿದೆ, ಮೆಣಸಿನ ಕಷಾಯ ಕುಡಿದೆ, ಮೊಸರು ಬಿಟ್ಟೆ. ಚಪ್ಪಲಿಯ ಅಳತೆಗೆ ಕಾಲು ಕೊಯ್ದುಕೊಂಡೆ ಅನ್ನು.

ಕಂಡುಹಿಡಿದವಳು ಅಕ್ಸಾ, ನನ್ನ ಜೊತೆಗೆ ಓದುವ ಹುಡುಗಿ. ಹಾಸ್ಟೆಲಿನ ನಲ್ಲಿಯ ಹತ್ತಿರ ನಾನು ಬಟ್ಟೆ ಒಗೆಯುತ್ತ ನೀನು ಕಟ್ಟಿದ ಸಾಲಿ ಹಾಡನ್ನು ಗುನುಗುತ್ತಿದ್ದೆ. ಪಾಟಿ ಚೀಲ ಹೊತ್ತು ಸಾಲಿಗೆ ಹೊರಟ ಮಗಳಿಗೆ ತಾಯಿ ಧೈರ್ಯ ಹೇಳುತ್ತಾಳಲ್ಲ, ಅದೇ. ನೀನು ರೊಟ್ಟಿ ಬಡಿಯುವಾಗ ಯಾರಿಗೂ ಕೇಳದಂತೆ ಹಾಡಿಕೊಳ್ಳುತ್ತೀ, ನನಗೆ ಕೇಳುತ್ತಿತ್ತು. ಅಕ್ಸಾ ಬಕೆಟ್ಟು ಅಲ್ಲೇ ಇಟ್ಟು ನಿಂತುಬಿಟ್ಟಳು. "ಏ ಉಜ್ವಲಾ, ನಿಂದು ಖರೇ ದನಿ ಇದ ಅದ. ಕ್ಲಾಸಿನ್ಯಾಗ ಯಾರದ್ದೋ ಉದ್ರಿ ದನಿ ತಂದು ಹಾಡ್ತಿ ನೋಡು" ಎಂದಳು. ಇಬ್ಬರೂ ಓಡಿ ಹೋಗಿ ಹಾರ್ಮೋನಿಯಂ ತೆಗೆದು ಮನೆಗಳನ್ನು ಒತ್ತಿ ನೋಡಿದೆವು. ನನ್ನ ಸಾ ಎರಡನೆಯ ಕರಿ ಮನೆಯಲ್ಲಿ ಕುಳಿತಿತ್ತು. ಎಷ್ಟೋ ಕೆಳಗೆ! ಅಲ್ಲಿಂದ ಹಾಡಿದರೆ ದನಿ ತನ್ನಷ್ಟಕ್ಕೆ ತಾನೇ ಹೊರಟಿತು, ಎಲ್ಲಿಯೂ ಒಡೆಯಲಿಲ್ಲ.

ಅದು ನಿನ್ನ ದನಿ ಅವ್ವಾ. ಭಾಲ್ಕಿಯ ಭೀಮ ಜಯಂತಿಯಲ್ಲಿ ಮಂದಿ ಗಂಡು ದನಿ ಎಂದರಲ್ಲ, ಅದೇ ದನಿ. ನಾನು ಆಗ ಒಂದನೆಯ ತರಗತಿ. ವೇದಿಕೆಯ ಕೆಳಗೆ ಅಜ್ಜಿಯ ತೊಡೆಯ ಮೇಲೆ ಕುಳಿತಿದ್ದೆ. ನೀನು ಮುಂದೆ, ಪಕ್ಕದಲ್ಲಿ ಅಪ್ಪನ ತಬಲಾ. ಕಮಿಟಿಯವರೊಬ್ಬರು ಅಪ್ಪನ ಹತ್ತಿರ ಬಂದು, "ಕಾಶೀರಾಮ, ಮೀರಾಬಾಯಿದು ಗಂಡು ದನಿ ಆಗ್ತದ, ಮೈಕಿನ್ಯಾಗ ಚಂದ ಅನಸಂಗಿಲ್ಲ. ಸಣ್ಣ ದನಿ ಹುಡುಗೀನ ಮುಂದ ಕುಂದರಸು" ಎಂದರು. ಅಪ್ಪ ಎದ್ದು ನಿನ್ನ ಮುಂದಿನ ಮೈಕು ಎತ್ತಿ ಬೇರೆ ಹುಡುಗಿಯ ಮುಂದೆ ಇಟ್ಟರು. ನೀನು ಎದ್ದೆ, ಕೆಳಗಿಳಿದೆ, ನನ್ನ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಆಮೇಲೆ ನೀನು ಮಂದಿಯ ಮುಂದೆ ಹಾಡಲಿಲ್ಲ, ಅಪ್ಪನೊಂದಿಗೆ ಮಾತಾಡಲಿಲ್ಲ. ಅವರು ತಬಲಾ ಹೊತ್ತುಕೊಂಡು ಔರಾದಿಗೆ ಹೋದರು. ನನಗೆ ಮಾತ್ರ, "ಸಣ್ಣಗ ಹಾಡವ್ವ, ಮಂದಿ ನಗ್ತಾರ" ಎಂದು ಕಲಿಸಿದೆ. ನೀನು ನನ್ನನ್ನು ಕಾಪಾಡಲು ಹೇಳಿದ್ದು, ಗೊತ್ತು. ಆದರೆ ಸಣ್ಣಗೆ ಹಾಡಿದಾಗಲೇ ಮಂದಿ ನಕ್ಕರು ನೋಡು.

ನಮಗೆ ಹಾಡು ಕಲಿಸುವ ವಹೀದಾ ಮೇಡಂ ಹತ್ತಿರ ಹೋಗಿ ನೇರವಾಗಿ ಹೇಳಿದೆ, ನಾನು ಕರಿ ಎರಡರಿಂದ ಪೂರಿಯಾ ಹಾಡುತ್ತೇನೆ ಎಂದು. ಪೂರಿಯಾ ಸಂಜೆಯ ರಾಗ, ಕೆಳಗಿನ ಸ್ವರಗಳಲ್ಲೇ ಅದರ ಸೊಗಸೆಲ್ಲ ಇರುವುದು. ಮೇಡಂ ಹಾಡಿಸಿ ಕೇಳಿದರು. ಆಮೇಲೆ, "ಬೇಟಾ, ಇಷ್ಟು ದಿನಾ ಯಾಕ ಮುಚ್ಚಿಟ್ಟಿದ್ದಿ? ಆದ್ರ ತಬಲಾ ಎಲ್ಲಿಂದ ತರ್ತಿ? ನಮ್ಮ ಬಲ್ಲಿ ಇರೋದು ಈ ಸುರಕ್ಕ ಇಳಿಯಂಗಿಲ್ಲ" ಎಂದರು. ಇಳಿಸಿಯೂ ನೋಡಿದೆವು. ಒದ್ದೆ ರಟ್ಟು ಬಡಿದಂತೆ ಡಬ್ ಡಬ್ ಎಂದಿತು. ಕೆಳಗಿನ ಸುರಕ್ಕೆ ದೊಡ್ಡ ಬಾಯಿಯ ತಬಲಾವೇ ಬೇಕು. ಅಂಥದ್ದು ಯಾರ ಹತ್ತಿರ ಇದೆ ಎಂದು ನನಗೆ ಗೊತ್ತಿತ್ತು. ನಿನಗೂ ಗೊತ್ತು. ನಿನ್ನ ದನಿಗೆಂದೇ ಮಾಡಿಸಿದ್ದು ಅದು.

ಹೌದು, ಔರಾದಿಗೆ ಹೋಗಿದ್ದೆ. ಆ ಊರಿನ ಹೆಸರು ಎತ್ತಿದರೆ ಕಾಲು ಮುರಿಯುತ್ತೇನೆ ಎಂದಿದ್ದೀ. ಪರೀಕ್ಷೆ ಮುಗಿಯಲಿ, ಆಮೇಲೆ ಮುರಿಯುವಿಯಂತೆ. ಹಾಡಲು ಕಾಲು ಬೇಕಾಗಿಲ್ಲ.

ಸಂತಪೂರದ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಅವರಿಗೆ ಬೈಯುವುದನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅಪ್ಪ ಅಡತಿ ಅಂಗಡಿಯಲ್ಲಿ ತೊಗರಿ ತೂಗುತ್ತಿದ್ದರು. ಮೈಯೆಲ್ಲ ದೂಳು. ನನ್ನನ್ನು ಕಂಡು ಎದ್ದು ನಿಂತರು. ನಾನೇ ಕೇಳಿದೆ. "ಅವತ್ತ ನಮ್ಮವ್ವನ ಮುಂದಿನ ಮೈಕ್ ಯಾಕ ಎತ್ತಿದ್ರಿ?" ಎಷ್ಟು ಬಾಯಿಪಾಠ ಮಾಡಿದ್ದರೂ ಬಂದದ್ದು ಅದೊಂದೇ. ಅಪ್ಪ ತಲೆ ತಗ್ಗಿಸಿ, "ಆಗಂಗಿಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಮಂದಿ ಮಾತು ಕೇಳಿ ಮನಿ ಕಳ್ಕೊಂಡೆ" ಎಂದರು. ನನಗೆ ಸಿಟ್ಟು ಇಳಿಯಲಿಲ್ಲ. ಇಳಿಯಬಾರದೆಂದೇ ನಿರ್ಧರಿಸಿ ಹೋಗಿದ್ದೆ. ಬಂದ ಕೆಲಸ ಹೇಳಿದೆ.

ಅವರು ಒಳಗಿನ ಕೋಣೆಯಿಂದ ಗಂಟು ತಂದರು. ಸುತ್ತಿದ್ದ ಬಟ್ಟೆ ನಿನ್ನ ಹಳೆಯ ಹಸಿರು ಇಳಕಲ್ ಸೀರೆಯದು, ಸೆರಗಿನ ತುದಿ ಹಾಗೆಯೇ ಇದೆ. ತಬಲಾ ಬಿಚ್ಚಿ ಬೆರಳಿನಿಂದ ಒಂದೇ ಒಂದು ಪೆಟ್ಟು ಹಾಕಿದರು. ಅವ್ವಾ, ಅದು ಸುರದಲ್ಲಿತ್ತು! ಮೊಬೈಲಿನ ತಂಬೂರಿ ಹಚ್ಚಿ ನೋಡಿದೆ, ಕರಿ ಎರಡು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಷ್ಟು ವರ್ಷ ಬಿಟ್ಟ ತಬಲಾ ಹೀಗಿರುವುದಿಲ್ಲ. "ಯಾರ ಹಾಡಿಗಿ ನುಡಸ್ತೀರಿ?" ಎಂದು ಕೇಳಿದೆ. "ಯಾರದ್ದಕ್ಕೂ ಇಲ್ಲವ್ವ. ಚರ್ಮಾ ಅದ, ಬಿಟ್ರ ಇಳೀತದ. ಆಗಾಗ ಏರಿಸಿ ಇಡ್ತೇನಿ. ಆಕಿ ಸುರಕ್ಕ" ಎಂದರು.

ನಾನು ಅಲ್ಲೇ, ತೊಗರಿಯ ಚೀಲದ ಮೇಲೆ ಕುಳಿತು ಸಾ ಹಚ್ಚಿದೆ. ಹಮಾಲರು ಚೀಲ ಇಳಿಸಿ ನಿಂತು ಕೇಳಿದರು. ಯಾರೂ ನಗಲಿಲ್ಲ. ಅಪ್ಪ ಅತ್ತರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ತಬಲಾ ಈಗ ಸಿಕ್ಕಿತು. ನುಡಿಸುವವರೂ ಸಿಕ್ಕಿದ್ದಾರೆ, ಒಳ್ಳೆಯ ಅನುಭವದ ಕೈ. ವಹೀದಾ ಮೇಡಂ ಒಪ್ಪಿ ಹೆಸರು ಬರೆದುಕೊಂಡಿದ್ದಾರೆ. ಯಾರು ಏನು ಎಂದು ಈಗ ಕೇಳಬೇಡ.

ನಿನ್ನಿಂದ ಆಗಬೇಕಾದ ಕೆಲಸ ಒಂದಿದೆ. ಪೂರಿಯಾ ಮುಗಿದ ಮೇಲೆ ನಮ್ಮ ಇಷ್ಟದ ಒಂದು ಹಾಡು ಹಾಡಬಹುದು. ನಾನು ಸಾಲಿ ಹಾಡು ಹಾಡುತ್ತೇನೆ. ದೊಡ್ಡ ಹಾಡುಗಾರರ ಹಿಂದೆ ಶಿಷ್ಯರು ಕುಳಿತು ದನಿಗೂಡಿಸುವುದು ನಮ್ಮಲ್ಲಿ ಪದ್ಧತಿ. ನನ್ನ ಹಿಂದೆ ತಂಬೂರಿ ಹಿಡಿದು ಅಕ್ಸಾ ಇರುತ್ತಾಳೆ. ಆದರೆ ಆ ಹಾಡಿಗೆ ನೀನು ಬಂದು ಕುಳಿತುಕೊಳ್ಳಬೇಕು. ಹಿಂದೆ ಅಲ್ಲ, ನನ್ನ ಪಕ್ಕದಲ್ಲಿ. "ನನಗ ಎಲ್ಲಾ ಮರ್ತುಹೋಗ್ಯಾದ" ಎನ್ನುತ್ತೀ. ಹಾಗಾದರೆ ದಿನಾ ಬೆಳಿಗ್ಗೆ ನಮ್ಮ ಒಲೆಯ ಮುಂದೆ ಹಾಡುವಾಕೆ ಯಾರು?

ನೀನು ಬರಲಿಲ್ಲವೆಂದರೂ ನಾನು ಕರಿ ಎರಡರಿಂದಲೇ ಹಾಡುತ್ತೇನೆ. ಪರೀಕ್ಷಕರು ಹುಬ್ಬು ಗಂಟಿಕ್ಕಲಿ, ಅಂಕ ಕತ್ತರಿಸಲಿ, ಗಂಡು ದನಿ ಎನ್ನಲಿ. ಅದು ನಮ್ಮವ್ವನ ದನಿ ಎಂದು ಮೈಕಿನಲ್ಲೇ ಹೇಳುತ್ತೇನೆ. ಬಿದ್ದರೆ ಮತ್ತೆ ಪರೀಕ್ಷೆಗೆ ಕಟ್ಟಿ ಮತ್ತೆ ಹಾಡುತ್ತೇನೆ. ಉದ್ರಿ ದನಿಯಲ್ಲಿ ಪಾಸಾಗುವುದು ಇನ್ನು ನನ್ನಿಂದಾಗದು. ಆದರೆ ನೀನು ಬಂದರೆ ನನ್ನ ಸಾ ಇನ್ನೂ ಗಟ್ಟಿ ನಿಲ್ಲುತ್ತದೆ, ಅಷ್ಟೇ.

ಗುರುವಾರ ಮಧ್ಯಾಹ್ನ ಭಾಲ್ಕಿಯಲ್ಲಿ ರೈಲು ಹತ್ತು. ಸ್ಟೇಷನ್ನಿಗೆ ಅಕ್ಸಾ ಬರುತ್ತಾಳೆ. ಬಿಳಿ ಸೀರೆ ಉಟ್ಟುಕೊಂಡು ಬಾ, ಜಯಂತಿಗೆ ಉಡುತ್ತಿದ್ದೆಯಲ್ಲ, ಟ್ರಂಕಿನ ತಳದಲ್ಲಿದೆ. ಬರುವಾಗ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ತರುವುದು ಮರೆಯಬೇಡ, ಹಾಸ್ಟೆಲಿನ ಊಟಕ್ಕೆ ನಾಲಿಗೆ ಸತ್ತುಹೋಗಿದೆ.

ನಿನ್ನಂತೆಯೇ ದನಿ, ನಿನ್ನಷ್ಟೇ ಹಟ ಇರುವ ಮಗಳು,
ಉಜ್ವಲಾ

ತಾ.ಕ.: ಇದನ್ನು ಬರೆಯಬಾರದೆಂದು ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ತಬಲಾ ನುಡಿಸುವವರು ಅಪ್ಪನೇ. ಔರಾದಿನಲ್ಲಿ ಅವರು ತಬಲಾ ಕೊಡಲು ಒಪ್ಪಿದರು, ಬರಲು ಒಪ್ಪಲಿಲ್ಲ. "ಆಕಿ ಮುಂದ ಯಾವ ಮಾರಿ ಹೊತ್ಕೊಂಡು ಕುಂದರ್ಲಿ? ಆಕಿ ಬಾ ಅಂದಾಳೇನು?" ಎಂದು ಕೇಳಿದರು. "ಅಂದಾಳ್ರಿ" ಎಂದುಬಿಟ್ಟೆ, ಆಗ ಒಪ್ಪಿದರು. ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿದ್ದೇನೆ ಅವ್ವಾ, ಗುರುವಾರದೊಳಗೆ ಅದನ್ನು ಖರೆ ಮಾಡು. ಅವರು ಕೇಳಿಕೊಂಡದ್ದು ಒಂದೇ: "ಸಾಲಿ ಹಾಡಿಗಿ ಮೈಕ್ ಬ್ಯಾರೆ ಯಾರೂ ಮುಟ್ಟಬ್ಯಾಡ್ರಿ. ಆಕಿ ಮುಂದ ನಾನ ಇಡ್ತೇನಿ."